ಕೊಳೆಗೇರಿಯ ಸಂಜೆ ಚಿಕಿತ್ಸಾಲಯಕ್ಕೆ ಪ್ರತಿಷ್ಠಾನದ ಅನುದಾನ: ಪಡೆದವರು ಅನುಭವ ತಿಳಿಸಿ

ಸಂಜೆ ಚಿಕಿತ್ಸಾಲಯ, ಕಲಬುರಗಿ

ಕಲಬುರಗಿಯ ರಿಂಗ್ ರೋಡಿನ ಆಚೆಗಿರುವ ಒಂದು ಕೊಳೆಗೇರಿಯಲ್ಲಿ ನಮ್ಮ ಟ್ರಸ್ಟ್ ಆರು ವರ್ಷಗಳಿಂದ ಎರಡು ಬಾಡಿಗೆ ಕೋಣೆಗಳಲ್ಲಿ ಸಂಜೆ ಚಿಕಿತ್ಸಾಲಯ ನಡೆಸುತ್ತಿದೆ. ದಾಲ್ ಮಿಲ್ಲಿಗೂ ಗಾರೆ ಕೆಲಸಕ್ಕೂ ಹೋದವರು ಮನೆಗೆ ಮರಳುವ ಹೊತ್ತಿಗೆ ಸರ್ಕಾರಿ ಕೇಂದ್ರಗಳ ಬಾಗಿಲು ಮುಚ್ಚಿರುತ್ತದೆ, ಅದಕ್ಕಾಗಿಯೇ ಸಂಜೆ. ಇಲ್ಲಿಯವರೆಗೆ ಊರಿನವರ ದೇಣಿಗೆಯಲ್ಲಿ ನಡೆದಿದೆ. ಈಗ ಹೊರಗಿನ ಒಂದು ಪ್ರತಿಷ್ಠಾನವು ಮೂರು ವರ್ಷಗಳಿಗೆ 36 ಲಕ್ಷ ರೂಪಾಯಿ ಅನುದಾನಕ್ಕಾಗಿ ಪ್ರಸ್ತಾವನೆ ಕೇಳಿದೆ. ಆದಾಯ ತೆರಿಗೆಯ 12ಎಬಿ (ಟ್ರಸ್ಟಿಗೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ ಎರಡೂ ಇವೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್ಆರ್) ಹಣಕ್ಕೆ ಬೇಕಾದ ಸಿಎಸ್ಆರ್-1 ನೋಂದಣಿ ಮಾಡಿಸಿಲ್ಲ. ನರ್ಸ್ ಸಂಬಳವನ್ನು ಅನುದಾನದಲ್ಲಿ ತೋರಿಸುವುದು ಸರಿಯೇ ಎಂಬುದು ನಮ್ಮ ಮುಖ್ಯ ಸಂದೇಹ.

ಹಳೆಯ ಖಜಾಂಚಿ

ತೋರಿಸಬಹುದು. ಆದರೆ ಹಣ ಬರುವ ದಿನ ಸಂಬಳದ ದಿನವಲ್ಲ ಎಂಬುದನ್ನು ನಾನು 2017ರಲ್ಲಿ ಕಲಿತೆ. ನಮಗೆ ಎರಡು ವರ್ಷಗಳಿಗೆ 24 ಲಕ್ಷ ಮಂಜೂರಾಗಿತ್ತು, ಆರು ಲಕ್ಷದಂತೆ ನಾಲ್ಕು ಕಂತು. ಮೊದಲನೆಯದು ಜೂನ್‌ನಲ್ಲಿ ಒಪ್ಪಂದದ ಜೊತೆಗೇ ಬಂತು. ಎರಡನೆಯದಕ್ಕೆ ಬೇಕಾದ ವರದಿಯನ್ನೂ ಬಳಕೆ ಪ್ರಮಾಣಪತ್ರವನ್ನೂ ಡಿಸೆಂಬರ್ 4ರಂದು ಕಳುಹಿಸಿದೆವು. ಜನವರಿಯಲ್ಲಿ ಅವರ ಕಾರ್ಯಕ್ರಮ ಅಧಿಕಾರಿ ಬದಲಾದರು. ಹೊಸಬರು 1,140 ರೋಗಿಗಳ ವಿವರವನ್ನು ವಯಸ್ಸಿನ ಬೇರೆ ಗುಂಪುಗಳಲ್ಲಿ ಮತ್ತೆ ಬರೆದು ಕೊಡಿ ಎಂದರು. ಹಣ ಬಂದದ್ದು ಮೇ 22ಕ್ಕೆ. ಆ ಐದೂವರೆ ತಿಂಗಳು ನರ್ಸ್‌ಗೆ 14,000, ಲ್ಯಾಬ್ ತಂತ್ರಜ್ಞನಿಗೆ 12,500, ಸಹಾಯಕಿಗೆ 7,000, ಬಾಡಿಗೆ 8,500, ಔಷಧಕ್ಕೆ 30,000, ಒಟ್ಟು ತಿಂಗಳಿಗೆ 72,000 ರೂಪಾಯಿ ಎಲ್ಲಿಂದ ಬರಬೇಕು? ಸಗಟು ಔಷಧದಂಗಡಿಯವರು 1,10,000 ಆದ ಮೇಲೆ ಉದ್ದರಿ ನಿಲ್ಲಿಸಿದರು. ಇಬ್ಬರು ಟ್ರಸ್ಟಿಗಳು 36,000 ಹಾಕಿದರು. ಉಳಿದ ಎರಡೂವರೆ ಲಕ್ಷಕ್ಕೆ ನನ್ನ ಮನೆಯವರ ಬಳೆಗಳು ಅಡವಿಗೆ ಹೋದವು, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ, ಒಟ್ಟು 13,750 ರೂಪಾಯಿ. ಬಡ್ಡಿಯನ್ನು ಯಾವ ಬಾಬ್ತಿಗೂ ಹಾಕಲು ಸಿಎ ಒಪ್ಪಲಿಲ್ಲ. ಆ ಮೊತ್ತ ಇವತ್ತಿಗೂ ನನ್ನ ತಲೆಯ ಮೇಲೆಯೇ ಇದೆ.

ಬೀದರ್ ನರ್ಸ್

ಖಜಾಂಚಿ ಸರ್, ಬಳೆಗಳ ಲೆಕ್ಕ ಕೊಟ್ಟಿರಿ, ಒಳ್ಳೆಯದು. ಆ ತಿಂಗಳುಗಳ ಸಂಬಳ ನಿಮ್ಮ ನರ್ಸ್‌ಗೆ ಯಾವ ತಾರೀಕಿಗೆ ಸಿಕ್ಕಿತು ಎಂಬುದನ್ನೂ ಬರೆಯಬೇಕಿತ್ತು.

ನಮ್ಮ ಸಂಸ್ಥೆಗೆ ಸಂಬಳ ಕೊಡಲು ಯಾರೂ ಮುಂದೆ ಬರಲಿಲ್ಲ. ಸಂಚಾರಿ ಆಸ್ಪತ್ರೆಯ ವಾಹನ ಕೊಡಲು ಮಾತ್ರ ಒಂದು ಕಂಪನಿ ತುದಿಗಾಲಲ್ಲಿ ನಿಂತಿತ್ತು, ಏಕೆಂದರೆ ವಾಹನದ ಮೇಲೆ ಹೆಸರು ಬರೆಯಿಸಬಹುದು. ಬರೆಯಿಸುವ ಖರ್ಚು 18,400 ನಮ್ಮದೇ. ವಾಹನ ಬಂದ ದಿನ ರಿಬ್ಬನ್ ಕತ್ತರಿಸಿದರು. ಡೀಸೆಲ್ ಯಾರ ಲೆಕ್ಕದಲ್ಲಿ ಎಂದು ಕೇಳಿದಾಗ ಎಲ್ಲರೂ ಊಟಕ್ಕೆ ಎದ್ದರು. ಚಾಲಕನಿಗೆ 15,000, ಎರಡನೆಯ ವರ್ಷದ ವಿಮೆ 41,300, ಬ್ಯಾಟರಿ 9,200. ಇಷ್ಟು ಸಾಲದೆಂಬಂತೆ ಬೀದರಿನ ಹಳೆಯ ಊರಿನ ಗಲ್ಲಿಗಳೊಳಗೆ ಆ ವಾಹನ ತಿರುಗುವುದೇ ಇಲ್ಲ. ಚೌಬಾರ ಗೋಪುರದ ಹತ್ತಿರ ನಿಲ್ಲಿಸಿಕೊಂಡು ಕೂತರೆ ಬರುತ್ತಿದ್ದವರು ನಡೆಯಲು ಶಕ್ತಿಯುಳ್ಳವರು. ಮಂಚ ಹಿಡಿದ ಸಕ್ಕರೆ ಕಾಯಿಲೆಯವರು ಒಳಗೇ ಉಳಿದರು. ಕೊನೆಗೆ ನಾನು ಬಿ.ಪಿ. ಯಂತ್ರ, ಗ್ಲುಕೋಮೀಟರ್ ಚೀಲಕ್ಕೆ ಹಾಕಿಕೊಂಡು ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ನಡೆದೆ. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಲ್ಲಿ 50ರಿಂದ 100 ಮನೆಗಳಿಗೊಂದು ಮಹಿಳಾ ಆರೋಗ್ಯ ಸಮಿತಿ ಇರಬೇಕು. ಇದ್ದ ಕಡೆ ಅವರೇ ದಾರಿ ತೋರಿಸಿದರು. ಈ ಕೆಲಸದ ಫೋಟೊ ಚೆನ್ನಾಗಿ ಬರುವುದಿಲ್ಲ, ಆದ್ದರಿಂದ ಇದಕ್ಕೆ ಅನುದಾನವಿಲ್ಲ.

ಯಾದಗಿರಿಯ ಲೆಕ್ಕಿಗ

ಪ್ರತಿಷ್ಠಾನಗಳ ಬೆನ್ನು ಬೀಳುವ ಬದಲು ಸಿಎಸ್ಆರ್ ಹಣಕ್ಕೆ ತಯಾರಾಗಿ ಎಂಬುದು ನನ್ನ ಸಲಹೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಲೇಬೇಕು; 2021ರ ಏಪ್ರಿಲ್ 1ರಿಂದ ಸಿಎಸ್ಆರ್-1 ನೋಂದಣಿ ಇಲ್ಲದ ಸಂಸ್ಥೆಯ ಮೂಲಕ ಅದನ್ನು ಖರ್ಚು ಮಾಡುವಂತಿಲ್ಲ. ನಮಗೆ 2022ರಲ್ಲಿ 19 ಲಕ್ಷ ಸಿಕ್ಕಿತು. ತೊಂದರೆ ಇಲ್ಲವೆಂದಲ್ಲ. ಹಣ ಖಾತೆಗೆ ಬಿದ್ದದ್ದು ಮಾರ್ಚ್ 19ಕ್ಕೆ, 31ರೊಳಗೆ ಖರ್ಚು ತೋರಿಸಿ ಎಂಬ ಒತ್ತಾಯ ಬೇರೆ. ಹನ್ನೆರಡು ದಿನಗಳಲ್ಲಿ ಏಳು ತಿಂಗಳ ಔಷಧ ಕೊಂಡೆವು. ಅದರಲ್ಲಿ 61,000 ರೂಪಾಯಿಯಷ್ಟರ ಅವಧಿ ಮುಗಿದುಹೋಯಿತು. ಆಡಳಿತ ವೆಚ್ಚ ಶೇ. 5ನ್ನು ಮೀರಬಾರದೆಂಬ ಕಾನೂನು ಇರುವುದರಿಂದ ಲೆಕ್ಕಿಗನ ಸಂಬಳ, ಅಂದರೆ ನನ್ನದೇ ಸಂಬಳ, ಅರ್ಧಕ್ಕೆ ಇಳಿಯಿತು. ಆದರೂ ಹಣ ಬಂತು.

ಹಳೆಯ ಖಜಾಂಚಿ

ನಿಮಗೆ ಬಾರದೆ ಏನು? 2018ರಿಂದ ಕೇಂದ್ರ ಸರ್ಕಾರದ ‘ಮಹತ್ವಾಕಾಂಕ್ಷೆಯ ಜಿಲ್ಲೆಗಳು’ ಎಂಬ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ರಾಯಚೂರು, ಯಾದಗಿರಿ ಎರಡೇ. ಕಂಪನಿಗಳು ಮೊದಲು ತೆರೆಯುವುದು ಆ ಪಟ್ಟಿಯನ್ನು. ಕಲಬುರಗಿ ನಗರದವರು ಹೋದರೆ ‘ನಿಮ್ಮಲ್ಲಿ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಇಎಸ್ಐ ಇದೆ, ಜಯದೇವ ಇದೆ’ ಎನ್ನುತ್ತಾರೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎಂದು ಕಾಯ್ದೆಯೇ ಹೇಳುವುದರಿಂದ ಜಿಲ್ಲೆಯ ಕಾರ್ಖಾನೆಗಳ ಹಣ ಅವುಗಳ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. ನಡುವೆ ಉಳಿದವರು ನಗರದ ಬಡವರು.

ನರ್ಸ್ ಮೇಡಂ, ನಮ್ಮ ನರ್ಸ್‌ಗೆ ಸಂಬಳ ಪ್ರತಿ ತಿಂಗಳ 10ರೊಳಗೆ ಸಿಕ್ಕಿದೆ. ಬಳೆ ಅಡವಿಟ್ಟದ್ದೇ ಅದಕ್ಕೆ.

ಯಾದಗಿರಿಯ ಲೆಕ್ಕಿಗ

ಪಟ್ಟಿಯಲ್ಲಿರುವುದನ್ನು ಅದೃಷ್ಟವೆಂದು ಬಗೆಯುವವರು ಒಮ್ಮೆ ನಮ್ಮ ಊರಿಗೆ ಬರಬೇಕು. ಸುಗ್ಗಿ ಮುಗಿದ ಮೇಲೆ ಅರ್ಧ ಓಣಿ ಬೆಂಗಳೂರಿಗೋ ಮುಂಬೈಗೋ ದುಡಿಯಲು ಹೋಗುತ್ತದೆ. ಟಿ.ಬಿ. ಮಾತ್ರೆ ಆರು ತಿಂಗಳು ತಪ್ಪದೆ ನುಂಗಬೇಕಾದವರು ಮೂರನೆಯ ತಿಂಗಳಿಗೆ ಯಾವುದೋ ಕಟ್ಟಡದ ಶೆಡ್ಡಿನಲ್ಲಿರುತ್ತಾರೆ. ದಾನಿಗಳು ‘ನಿಮ್ಮ ಗುರಿ ಈಡೇರಿಲ್ಲ’ ಎಂದು ಬರೆಯುತ್ತಾರೆ. ಕಲಬುರಗಿಯವರಿಗೆ ಕನಿಷ್ಠ ಜಿಮ್ಸ್ ಆದರೂ ಆಟೋದಲ್ಲಿ ಹೋಗುವಷ್ಟು ಹತ್ತಿರವಿದೆ.

ಬೀದರ್ ನರ್ಸ್

ಹಾಗಿದ್ದರೆ ಖಜಾಂಚಿ ಸರ್, ನಿಮ್ಮ ಮನೆಯವರ ಕ್ಷಮೆ ಕೇಳುತ್ತೇನೆ, ನಿಮ್ಮದಲ್ಲ. ಮೂರು ತಿಂಗಳ ಮೀಸಲು ಹಣ ಇಲ್ಲದೆ ಅಷ್ಟು ಜನರನ್ನು ಕೆಲಸಕ್ಕೆ ತೆಗೆದುಕೊಂಡದ್ದು ನಿಮ್ಮ ತಪ್ಪು.

ಶಹಾಬಾದ್ ರಸ್ತೆಯ ಹಳಬ

ಲೆಕ್ಕಿಗರೇ, ಶೇ. 5ರ ಮಾತು ತಪ್ಪು. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ಆ ಮಿತಿ ಇರುವುದು ಕಂಪನಿಯು ತನ್ನ ಸಿಎಸ್ಆರ್ ವಿಭಾಗದ ಸಾಮಾನ್ಯ ನಿರ್ವಹಣೆಗೆ ಮಾಡುವ ಖರ್ಚಿಗೆ. ಯೋಜನೆಯ ರೂಪಣೆ, ಜಾರಿ, ಮೇಲ್ವಿಚಾರಣೆಗೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲ. ನಿಮ್ಮ ಕಂಪನಿ ತನ್ನ ಮಿತಿಯನ್ನು ನಿಮ್ಮ ಮೇಲೆ ಹೇರಿತು, ಲೆಕ್ಕ ಬಲ್ಲವರಾದ ನೀವು ಒಪ್ಪಿ ಸಹಿ ಹಾಕಿದಿರಿ.

ನಮ್ಮದು ಬೇರೆ ಬಗೆಯ ಪೆಟ್ಟು. ವಿದೇಶಿ ದೇಣಿಗೆ ಪಡೆಯುತ್ತಿದ್ದ ದೊಡ್ಡ ಸಂಸ್ಥೆಯೊಂದು ತನ್ನ ಅನುದಾನದಲ್ಲಿ ನಮಗೊಂದು ಪಾಲು ಕೊಡುತ್ತಿತ್ತು. 2020ರ ಸೆಪ್ಟೆಂಬರ್ ಕೊನೆಯಲ್ಲಿ ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆಯಾದ ಎಫ್‌ಸಿಆರ್‌ಎ ತಿದ್ದುಪಡಿ ಜಾರಿಗೆ ಬಂದು, ಒಬ್ಬರು ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವುದೇ ನಿಷಿದ್ಧವಾಯಿತು. ಕೊರೊನಾ ಏರಿದ್ದ ಆ ದಿನಗಳಲ್ಲಿ ನಮ್ಮ ಮೂವರು ಆರೋಗ್ಯ ಕಾರ್ಯಕರ್ತೆಯರನ್ನು ಅಕ್ಟೋಬರ್ 31ರಂದು ಮನೆಗೆ ಕಳುಹಿಸಬೇಕಾಯಿತು. ಸ್ವಂತ ನೋಂದಣಿಗೆ ಯತ್ನಿಸಿದೆವು. ಹಿಂದಿನ ಮೂರು ವರ್ಷಗಳಲ್ಲಿ 15 ಲಕ್ಷ ಖರ್ಚು ಮಾಡಿರಬೇಕಿತ್ತು; ನಮ್ಮದು 13 ಲಕ್ಷ 80 ಸಾವಿರಕ್ಕೆ ನಿಂತಿತ್ತು. ಒಂದು ಲಕ್ಷ ಇಪ್ಪತ್ತು ಸಾವಿರ ಕಡಿಮೆ ಬಿತ್ತು.

ಯಾದಗಿರಿಯ ಲೆಕ್ಕಿಗ

ಒಪ್ಪಿ ಸಹಿ ಹಾಕಿದ್ದು ನಾನಲ್ಲ, ನಮ್ಮ ಅಧ್ಯಕ್ಷರು. ಮಾರ್ಚ್ 19ರಂದು ನಿಯಮದ ಪುಸ್ತಕ ತೆರೆದು ವಾದಕ್ಕೆ ಕೂರುವ ಧೈರ್ಯ ನಿಮಗಿತ್ತೆ?

ಶಹಾಬಾದ್ ರಸ್ತೆಯ ಹಳಬ

ಇರಲಿಲ್ಲ. ಆದರೆ ಅದನ್ನು ಕಾನೂನು ಎಂದು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ.

ಸಂಜೆ ಚಿಕಿತ್ಸಾಲಯ, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಟ್ರಸ್ಟಿಗಳ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಮೊದಲ ಕಂತು ಆರು ತಿಂಗಳದ್ದಲ್ಲ, ಒಂಬತ್ತು ತಿಂಗಳದ್ದಾಗಬೇಕೆಂದೂ, ವರದಿಯ ನಮೂನೆ ಒಪ್ಪಂದಕ್ಕೇ ಲಗತ್ತಾಗಿ ನಡುವೆ ಬದಲಾಗಬಾರದೆಂದೂ ಪ್ರತಿಷ್ಠಾನಕ್ಕೆ ಪತ್ರ ಬರೆದಿದ್ದೇವೆ. ನರ್ಸ್ ಸಂಬಳವನ್ನು ಊರಿನ ದೇಣಿಗೆಯಲ್ಲೇ ಉಳಿಸಿಕೊಂಡು, ಔಷಧ ಮತ್ತು ಲ್ಯಾಬ್ ಖರ್ಚನ್ನು ಮಾತ್ರ ಅನುದಾನಕ್ಕೆ ಹಾಕಿದ್ದೇವೆ. ಖಜಾಂಚಿ ಸರ್, ಬಳೆಗಳು ಬಿಡಿಸಿಕೊಂಡು ಬಂದವೇ?

ಹಳೆಯ ಖಜಾಂಚಿ

ಮೂರು ಬಂದವು.