ಪದಚರ್ಚೆ: ಟೆನಿಸ್ ಸುದ್ದಿಯಲ್ಲಿ ‘ಮದ್ದು ಸೇವನೆ’, ‘ಅಮಾನತು’, ‘ತಪ್ಪಿತಸ್ಥ’

ಗೆಳೆಯರೇ,

ಟೆನಿಸ್ ಸುದ್ದಿಗಳಲ್ಲಿ ಬರುವ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಆಟಗಾರರ ಪರೀಕ್ಷೆಯಲ್ಲಿ ನಿಷೇಧಿತ ವಸ್ತು ಕಂಡರೆ ಸಾಕು, ‘ಉದ್ದೀಪನ ಮದ್ದು ಸೇವನೆ: ಅಮಾನತು’ ಎಂದು ಬರೆದುಬಿಡುತ್ತೇವೆ. ವಿಚಾರಣೆ ಶುರುವಾಗುವ ಮೊದಲೇ ಓದುಗರ ಮನಸ್ಸಿನಲ್ಲಿ ತೀರ್ಪು ಮುಗಿದಿರುತ್ತದೆ. ಇದು ಅನ್ಯಾಯ ಅಂತ ನನಗೆ ಬಲವಾಗಿ ಅನಿಸುತ್ತದೆ.

‘ಸೇವನೆ’ ಅಂದರೆ ಗೊತ್ತಿದ್ದು ತೆಗೆದುಕೊಳ್ಳುವುದು, ಅಲ್ವಾ? 2024ರ ಮಾರ್ಚ್‌ನಲ್ಲಿ ಆಟಗಾರ ಯಾನಿಕ್ ಸಿನ್ನರ್ ಅವರ ಮೂತ್ರದ ಮಾದರಿಯಲ್ಲಿ ಕ್ಲೊಸ್ಟೆಬೋಲ್ ಎಂಬ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿತು. ಅವರ ಫಿಸಿಯೊ ತಮ್ಮ ಬೆರಳಿನ ಗಾಯಕ್ಕೆ ಆ ವಸ್ತುವಿದ್ದ ಸ್ಪ್ರೇ ಹಾಕಿಕೊಂಡು, ಬರಿಗೈಯಲ್ಲೇ ಸಿನ್ನರ್‌ಗೆ ಮಸಾಜ್ ಮಾಡಿದ್ದರು. ವಸ್ತು ಚರ್ಮದ ಮೂಲಕ ಒಳಗೆ ಹೋಯಿತು ಎಂಬ ವಿವರಣೆಯನ್ನು ವಿಚಾರಣಾ ಮಂಡಳಿ ಒಪ್ಪಿತು. ಇಲ್ಲಿ ಸೇವನೆ ಎಲ್ಲಿದೆ? ಮರಿಯಾ ಶರಪೋವಾ ವಿಷಯ ಬೇರೆ. ಅವರು ಮೆಲ್ಡೋನಿಯಂ ಎಂಬ ಹೃದಯದ ಔಷಧವನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರು. ಅದು 2016ರ ಜನವರಿ 1ರಿಂದ ನಿಷೇಧಿತ ಪಟ್ಟಿಗೆ ಸೇರಿದ್ದನ್ನು ಗಮನಿಸಿರಲಿಲ್ಲ. ಅದನ್ನು ಸೇವನೆ ಅನ್ನಬಹುದು. ಎರಡಕ್ಕೂ ಒಂದೇ ಪದ ಹಾಕುವುದು ಸರಿಯಲ್ಲ. ಮೊದಲ ಸುದ್ದಿಗೆ ‘ಮದ್ದು ಪತ್ತೆ’ ಸಾಕು. ಲ್ಯಾಬ್ ಹೇಳುವುದೂ ಅಷ್ಟೇ.

ಇನ್ನು ‘ಅಮಾನತು’ ಮತ್ತು ‘ನಿಷೇಧ’. ಇವೆರಡನ್ನು ಅದಲುಬದಲು ಮಾಡಿ ಬಳಸುತ್ತಿದ್ದೇವೆ. ಅಮಾನತು ಅಂದರೆ ವಿಚಾರಣೆ ಬಾಕಿ ಇದೆ, ಅಲ್ಲಿಯವರೆಗೆ ಹೊರಗಿರಿ ಎಂದು. ನಿಷೇಧ ಅಂದರೆ ಶಿಕ್ಷೆ. ಆಟಗಾರ್ತಿ ಸಿಮೊನಾ ಹಲೆಪ್ ಅವರ ಮದ್ದು ಪ್ರಕರಣ ಅರ್ಥವಾಗಬೇಕಾದರೆ ಈ ವ್ಯತ್ಯಾಸ ಬೇಕೇ ಬೇಕು. ಅವರ ಅಮಾನತು 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ತೀರ್ಪು ಬರಲು ಸುಮಾರು ಒಂದು ವರ್ಷ ಹಿಡಿಯಿತು. ನಾಲ್ಕು ವರ್ಷದ ನಿಷೇಧ ಬಿತ್ತು. 2024ರ ಮಾರ್ಚ್‌ನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಒಂಬತ್ತು ತಿಂಗಳಿಗೆ ಇಳಿಸಿತು. ಆ ಹೊತ್ತಿಗೆ ಅವರು 17 ತಿಂಗಳು ಹೊರಗಿದ್ದಾಗಿತ್ತು. ಶಿಕ್ಷೆಗಿಂತ ಕಾಯುವುದೇ ಜಾಸ್ತಿಯಾಯಿತು. ಆಡಿದರೆ ಮಾತ್ರ ದುಡಿಮೆ ಇರುವ ಆಟ ಇದು. ಸಿನ್ನರ್ ಮಾತ್ರ ಮದ್ದು ಎಲ್ಲಿಂದ ಬಂತೆಂದು ಬೇಗ ತೋರಿಸಿದರು, ಅವರ ಅಮಾನತು ಕೆಲವೇ ದಿನದಲ್ಲಿ ತೆರವಾಯಿತು. ನಿಯಮ ಒಂದೇ ಆದರೂ ತಕ್ಷಣ ಒಳ್ಳೆಯ ವಕೀಲರು, ತಜ್ಞರು ಸಿಗುವವರಿಗೆ ಅದು ಹಗುರ.

ನನಗೆ ಹೆಚ್ಚು ತೊಡಕಾಗಿರುವುದು ‘ತಪ್ಪಿತಸ್ಥ’. ಮೈಯಲ್ಲಿ ಏನು ಸಿಕ್ಕರೂ ಅದಕ್ಕೆ ಆಟಗಾರರೇ ಜವಾಬ್ದಾರರು ಎಂಬುದು ಈ ನಿಯಮಗಳ ಬುಡ. ಸಿನ್ನರ್‌ದು ಏನೂ ತಪ್ಪಿಲ್ಲ ಎಂದು 2024ರ ಆಗಸ್ಟ್‌ನಲ್ಲಿ ವಿಚಾರಣಾ ಮಂಡಳಿ ಹೇಳಿತು. ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಮೇಲ್ಮನವಿ ಹೋಯಿತು. ಕೊನೆಗೆ 2025ರ ಫೆಬ್ರುವರಿಯಲ್ಲಿ ರಾಜಿಯಾಗಿ ಮೂರು ತಿಂಗಳ ನಿಷೇಧ. ಮೋಸದ ಉದ್ದೇಶ ಇರಲಿಲ್ಲ ಎಂದು ವಾಡಾ ಕೂಡ ಒಪ್ಪಿತು, ಆದರೆ ತಂಡದವರ ನಿರ್ಲಕ್ಷ್ಯಕ್ಕೆ ಆಟಗಾರನೇ ಉತ್ತರ ಕೊಡಬೇಕು ಎಂದಿತು. ಇದಕ್ಕೆ ನಮ್ಮ ‘ಹೊಣೆ’ ಎಷ್ಟು ಚೆನ್ನಾಗಿ ಹೊಂದುತ್ತದೆ! ತಪ್ಪು ಮಾಡದೆಯೂ ಹೊಣೆ ಹೊರಬಹುದು. ಹಾಗಾಗಿ ಇಂಥ ಕಡೆ ‘ಹೊಣೆಗಾರ’ ಎಂದೇ ಬರೆಯಬೇಕು.

ಒಂದು ಪದ ಮಾತ್ರ ನನಗೆ ಸಿಕ್ಕಿಲ್ಲ. ಇಗಾ ಶ್ವಾಂಟೆಕ್ ನಿದ್ದೆಗೆಂದು ತೆಗೆದುಕೊಂಡ ಮೆಲಟೋನಿನ್‌ನಲ್ಲಿ ಟ್ರೈಮೆಟಾಜಿಡಿನ್ ಎಂಬ ನಿಷೇಧಿತ ಹೃದಯದ ಔಷಧ ಬೆರೆತಿತ್ತು. ಅವರಿಗೆ 2024ರಲ್ಲಿ ಒಂದು ತಿಂಗಳ ನಿಷೇಧವಾಯಿತು. ತಪ್ಪು ಪೂರ್ತಿ ಇಲ್ಲವೆಂದಲ್ಲ, ಇದೆ, ಆದರೆ ತೀರಾ ಕಡಿಮೆ ಎಂಬ ದರ್ಜೆ ಅದು; ಇಂಗ್ಲಿಷಿನಲ್ಲಿ ‘No Significant Fault’. ‘ಗಣನೀಯ ತಪ್ಪಿಲ್ಲ’ ಎಂದರೆ ಸರ್ಕಾರಿ ಪತ್ರದ ಹಾಗಿದೆ. ‘ದೊಡ್ಡ ತಪ್ಪೇನಿಲ್ಲ’ ಎಂದರೆ ಸುಮ್ನೆ ಕ್ಷಮಿಸಿ ಕಳಿಸಿದಂತೆ ಕೇಳುತ್ತದೆ. ‘ಅಲ್ಪ ತಪ್ಪು’ ಹೇಗೆ? ಬೇರೆ ಪದ ಬಳಸಿದ್ದರೆ ದಯವಿಟ್ಟು ತಿಳಿಸಿ.