ಸಹಾಯ ಬೇಕು: ಮನೆಯ ಗ್ಯಾರೇಜಿಗೆ ಹೈಡ್ರಾಲಿಕ್ ಪ್ರೆಸ್

ನಮಸ್ಕಾರ. ಮೈಸೂರಿನಲ್ಲಿ ತಯಾರಾದ ಅಪ್ಪನ ಹಳೆಯ ಯೆಜ್ಡಿ ಬೈಕನ್ನು ಬಿಚ್ಚಿಕೊಂಡು ಕುಳಿತಿದ್ದೇನೆ. ಕಳೆದ ವಾರ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಲು ಹೋದಾಗ ಅದರ ಹೊರಬಳೆಯ ಚೂರೊಂದು ಸಿಡಿದು ಕನ್ನಡಕಕ್ಕೆ ತಾಗಿತು. ಗಾಜಿನ ಮೇಲೆ ಗೀರು ಬಿದ್ದಿದೆ, ಪುಣ್ಯಕ್ಕೆ ಕಣ್ಣು ಉಳಿಯಿತು. ಇನ್ನು ಸುತ್ತಿಗೆಯ ಸಹವಾಸ ಬೇಡ, ಒತ್ತಿ ಕೂರಿಸುವ ಪ್ರೆಸ್ಸೇ ಬೇಕು.

ಬಾಟಲ್ ಜ್ಯಾಕ್ (ಬಾಟಲಿಯಾಕಾರದ ಹೈಡ್ರಾಲಿಕ್ ಜ್ಯಾಕ್) ಇರುವ, ನೆಲದ ಮೇಲೆ ನಿಲ್ಲುವ ಪ್ರೆಸ್ ನೋಡಿದ್ದೇನೆ. ಬೇರಿಂಗು, ಬುಷ್ ಕೆಲಸಕ್ಕೆ 12 ಟನ್ ಸಾಕೇನೋ. ಆದರೆ ಎಂಜಿನ್ನಿನೊಳಗಿನ ಕ್ರ್ಯಾಂಕ್ ಪಿನ್ನನ್ನೂ (ಕನೆಕ್ಟಿಂಗ್ ರಾಡ್ ಕೂರುವ ಪಿನ್ನು) ಒತ್ತಿ ತೆಗೆಯಬೇಕಾಗಿದೆ. ಅದಕ್ಕೆ 20 ಟನ್ನಿನದೇ ಬೇಕೇ? ಪರಿಚಯದ ವೆಲ್ಡಿಂಗ್ ಅಂಗಡಿಯವರು ಅರ್ಧ ಬೆಲೆಗೆ ಚೌಕಟ್ಟು ಮಾಡಿಕೊಡುತ್ತಾರಂತೆ. ಅಷ್ಟು ಒತ್ತಡದಲ್ಲಿ ಒಂದು ಬೆಸುಗೆ ಬಿಟ್ಟರೆ ಗತಿಯೇನು ಎಂಬ ಅಳುಕು ನನಗೆ.

ಎರಕದ ಕಬ್ಬಿಣದ ತುಂಡನ್ನು ಆಸರೆಗೆ ಇಡಬಾರದು, ಅದು ಒಡೆದು ಸಿಡಿಯುತ್ತದೆ ಎಂಬುದು ಗೊತ್ತಿದೆ. ಎದುರಿಗೆ ಕಾಪಾಗಿ ಎಷ್ಟು ದಪ್ಪದ ಪಾಲಿಕಾರ್ಬೊನೇಟ್ ಹಾಳೆ ಹಾಕಿದ್ದೀರಿ? ಒತ್ತಡದ ಮೀಟರ್ ಇಲ್ಲದ್ದನ್ನು ಕೊಳ್ಳಬಹುದೇ? ಬಳಸಿ ಬಲ್ಲವರು ದಯವಿಟ್ಟು ತಿಳಿಸಿ. ಸಾಧ್ಯವಾದರೆ ನಿಮ್ಮ ಪ್ರೆಸ್ಸಿನ ಚಿತ್ರವನ್ನೂ ಹಾಕಿ.