ಬೈನಾಕ್ಯುಲರ್‌ನಲ್ಲಿ ಆಂಡ್ರೊಮಿಡ ಗ್ಯಾಲಕ್ಸಿ ಸಿಗುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ತಿಪಟೂರಿನ ಹೊಸಬ:
10×50 ಬೈನಾಕ್ಯುಲರ್ ಕೊಂಡು ತಿಂಗಳಾಯಿತು. ಚಂದ್ರನ ಕುಳಿಗಳನ್ನೂ ಕೃತ್ತಿಕೆಯನ್ನೂ ಕಣ್ತುಂಬ ನೋಡಿದ್ದೇನೆ. ಆದರೆ ಆಂಡ್ರೊಮಿಡ ಮೂರು ರಾತ್ರಿ ಹುಡುಕಿದರೂ ಸಿಗಲಿಲ್ಲ. ಮನೆ ತೋಟದೊಳಗಿದೆ, ಬೀದಿದೀಪದ ಕಾಟವಿಲ್ಲ. ಮೊಬೈಲ್ ಆ್ಯಪ್ ತೋರಿಸಿದ ಕಡೆಗೇ ಹಿಡಿಯುತ್ತೇನೆ. ನಕ್ಷತ್ರಗಳು ಚುಕ್ಕಿಯಾಗಿ ನಿಲ್ಲದೆ ಗೆರೆಗಳಂತೆ ನಡುಗುತ್ತವೆ. ನಿನ್ನೆ ಗಾಜಿಗೆ ಇಬ್ಬನಿ ಕಟ್ಟಿತೇನೋ, ಒಂದು ಮಬ್ಬು ಕಲೆ ಕಂಡಿತು, ಒರೆಸಿದರೂ ಹೋಗಲಿಲ್ಲ. ಲೆನ್ಸ್ ಕೆಟ್ಟಿದೆಯೇ?

ಓರೆನೋಟ:
ಲೆನ್ಸ್ ಬದಲಿಸುವ ಮೊದಲು ಆ ಕಲೆಯನ್ನು ಪರೀಕ್ಷಿಸಿ. ಬೈನಾಕ್ಯುಲರನ್ನು ತುಸು ಪಕ್ಕಕ್ಕೆ ಸರಿಸಿದಾಗ ಕಲೆ ನಕ್ಷತ್ರಗಳ ಜೊತೆಗೇ ಸರಿಯಿತೋ, ಗಾಜಿನ ನಡುವೆಯೇ ಅಂಟಿಕೊಂಡಿತೋ? ನಕ್ಷತ್ರಗಳ ಜೊತೆ ಸರಿದರೆ ಅದು ಇಬ್ಬನಿಯಲ್ಲ.

ಆ್ಯಪನ್ನು ಬದಿಗಿಡಿ. ಮೊಬೈಲಿನ ದಿಕ್ಸೂಚಿ ಕೆಲವು ಡಿಗ್ರಿ ತಪ್ಪುವುದು ಮಾಮೂಲು, ಬೈನಾಕ್ಯುಲರ್‌ನಲ್ಲಿ ನಿಮಗೆ ಕಾಣುವ ಆಕಾಶದ ಅಗಲ ಸುಮಾರು ಆರೂವರೆ ಡಿಗ್ರಿ ಮಾತ್ರ. ಮೊಬೈಲಿನ ಬೆಳಕು ಕತ್ತಲೆಗೆ ಒಗ್ಗಿದ ಕಣ್ಣನ್ನೂ ಕೆಡಿಸುತ್ತದೆ. ಮತ್ತೆ ಒಗ್ಗಲು ಅರ್ಧ ಗಂಟೆ ಬೇಕು.

ನವೆಂಬರ್ ನಡುವೆ ರಾತ್ರಿ ಒಂಬತ್ತೂವರೆಗೆ ನೆತ್ತಿಯ ಬಳಿ ನಾಲ್ಕು ನಕ್ಷತ್ರಗಳ ದೊಡ್ಡ ಚೌಕವಿರುತ್ತದೆ. ಪಡುವಣದ ಎರಡು ಪೂರ್ವಾಭಾದ್ರೆ, ಮೂಡಣದ ಎರಡು ಉತ್ತರಾಭಾದ್ರೆ. ಉತ್ತರಾಭಾದ್ರೆಯ ಉತ್ತರದ ನಕ್ಷತ್ರದಿಂದ ಈಶಾನ್ಯಕ್ಕೆ ಸಾಗಿ, ಒಂದು ಸಾಧಾರಣ ನಕ್ಷತ್ರವನ್ನು ದಾಟಿದರೆ ಹೊಳಪಿನ ಮೀರಾಕ್ ಸಿಗುತ್ತದೆ. ಅಲ್ಲಿ ವಾಯವ್ಯಕ್ಕೆ, ಅಂದರೆ ಕುಂತಿ (ಕ್ಯಾಸಿಯೋಪಿಯ) ನಕ್ಷತ್ರಪುಂಜದ ಕಡೆಗೆ ತಿರುಗಿ. ಮಂಕಾದ ಒಂದು ನಕ್ಷತ್ರ, ಆಮೇಲೆ ಇನ್ನೂ ಮಂಕಾದ ಮತ್ತೊಂದು. ಅದರ ಮಗ್ಗುಲಲ್ಲೇ ಗ್ಯಾಲಕ್ಸಿ.

ಫೋಟೋದ ಬಣ್ಣದ ಸುರುಳಿಯನ್ನು ಹುಡುಕಬೇಡಿ. ಕಾಣುವುದು ಉದ್ದನೆಯ ಬೂದು ಮಬ್ಬು. ನೇರವಾಗಿ ದಿಟ್ಟಿಸದೆ ಪಕ್ಕದ ನಕ್ಷತ್ರವನ್ನು ನೋಡುತ್ತಿರಿ, ಮಬ್ಬು ತಾನಾಗಿ ಹಿಗ್ಗುತ್ತದೆ. ಕಣ್ಣಿನ ಅಂಚಿನ ಕೋಶಗಳೇ ಮಂದ ಬೆಳಕನ್ನು ಚೆನ್ನಾಗಿ ಹಿಡಿಯುತ್ತವೆ.

ಅಡಿಕೆ ನೆರಳು:
ನಡುಕಕ್ಕೆ ಮದ್ದು ಆರಾಮಕುರ್ಚಿ. ಒರಗಿಕೊಂಡು ಮೊಣಕೈಗಳನ್ನು ಕುರ್ಚಿಯ ತೋಳಿಗೆ ಊರಿ. ಫೋಕಸ್ ಹೀಗೆ ಮಾಡಿ: ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಒಂದು ನಕ್ಷತ್ರವನ್ನು ಚುಕ್ಕಿಯಾಗಿಸಿ, ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿಡುವ ಗಾಜಿನ ಸುತ್ತಲ ಉಂಗುರವನ್ನು ಮಾತ್ರ ತಿರುಗಿಸಿ. ಹುಣ್ಣಿಮೆಯ ಆಸುಪಾಸು ಪ್ರಯತ್ನಿಸಬೇಡಿ.

ತಿಪಟೂರಿನ ಹೊಸಬ:
ನಕ್ಷತ್ರಗಳ ಜೊತೆಗೇ ಸರಿಯಿತು! ನಿನ್ನೆ ಇಬ್ಬನಿಯೆಂದು ಅಂಗಿಯ ತುದಿಯಿಂದ ಉಜ್ಜಿದ್ದು ಅದನ್ನೇ. ಸುಮಾರು 25 ಲಕ್ಷ ವರ್ಷ ಹಾದಿ ಸವೆಸಿದ ಬೆಳಕು. ಅಮ್ಮನಿಗೂ ತೋರಿಸಿದೆ. “ಬತ್ತಿ ಹೊಸೆಯಲು ಎಳೆದಿಟ್ಟ ಹತ್ತಿಯ ಹಾಗಿದೆ” ಎಂದರು.

ಓರೆನೋಟ:
ಅದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಕೇಳಿಲ್ಲ. ಗಾಜನ್ನು ಮಾತ್ರ ಅಂಗಿಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಅಮಾವಾಸ್ಯೆಯ ರಾತ್ರಿ ಮೀರಾಕ್‌ನಿಂದ ಎದುರು ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ದೂರ ಹೋಗಿ ನೋಡಿ. ಅಲ್ಲಿ ಎಂ 33 ಎಂಬ ಇನ್ನೊಂದು ಗ್ಯಾಲಕ್ಸಿ ಇದೆ, ಇದಕ್ಕಿಂತ ಬಹಳ ಮಂಕು. ಸಿಕ್ಕರೆ ಇಲ್ಲೇ ಬರೆಯಿರಿ.